ಹಾಸನದ ಒಂದು ಎಮರ್ಜೆನ್ಸಿ ವಿಭಾಗ: ನಾಲ್ಕು ಸ್ಟಾರ್, ಒಂದು ಸ್ಟಾರ್ ಕ್ಯಾಶ್ ಕೌಂಟರ್ ನುಂಗಿತು

ನಾನು ಡಾಕ್ಟರ್ ಅಲ್ಲ. ಅರಸೀಕೆರೆ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ, ಜೊತೆಗೆ ಪೈಪು, ವಾಲ್ವು ಮಾರುತ್ತೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಯಾಕಂದ್ರೆ ಕೆಳಗೆ ಹೊಗಳಿಕೆ ಜೊತೆ ಬೈಗುಳವೂ ಇದೆ.

ಹೊಳೆನರಸೀಪುರದ ಕಡೆ ಒಂದು ಹಳ್ಳಿಯಲ್ಲಿ ಬೀಗರೂಟ. ನಮ್ಮ ಭಾವನ ಅಣ್ಣನ ಮಗಳನ್ನು ಕೊಟ್ಟ ಮನೆ. ಹೆಣ್ಣಿನ ಕಡೆಯ ಹಿರಿಯರು ಅಂತ ಭಾವನಿಗೆ ಉಪಚಾರ ಜಾಸ್ತಿ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಸಾಕು ಅಂದರೂ ಎಲೆಗೆ ಬೀಳುತ್ತಲೇ ಇತ್ತು. ಮಧ್ಯೆ ಯಾರೋ ತೋಟದ ಕಡೆ ಕರೆದುಕೊಂಡು ಹೋಗಿ ಎರಡು ಪೆಗ್ಗೂ ಹಾಕಿಸಿದರು. ನಾಲ್ಕು ಗಂಟೆ ಹೊತ್ತಿಗೆ ಹೊಟ್ಟೆ ತೊಳೆಸಿ ಬಂತು. ಬೀಗರ ಮನೆಯ ಅಂಗಳದಲ್ಲಿ ವಾಂತಿ ಮಾಡಿದರೆ ಮರ್ಯಾದೆ ಏನಾಗಬೇಕು? ಭಾವ ಬಾಯಿಗೆ ಟವೆಲ್ ಒತ್ತಿಕೊಂಡು, ಉಕ್ಕಿ ಬಂದಿದ್ದನ್ನು ತಡೆದುಕೊಂಡು ಹಿತ್ತಲಿಗೆ ಓಡಿದರು. ಅಲ್ಲಿ ತೆಂಗಿನ ಮರ ಹಿಡಿದು ಎರಡು ಮೂರು ಸಲ ಜೋರಾಗಿ ವಾಂತಿ. ಮೂರನೇ ಸಲಕ್ಕೆ "ಅಯ್ಯೋ, ಎದೆ ಹರಿದು ಹೋಯ್ತು ಕಣೋ" ಅಂತ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಮಾತಿಗೆ ಹಾಗೆ ಅಂದರು ಅಂದುಕೊಂಡೆವು. ನಿಜವಾಗಿಯೂ ಹರಿದಿತ್ತು, ಎದೆಯೊಳಗಿನ ಅನ್ನನಾಳ.

ದಾರಿಯಲ್ಲಿ ಸಿಕ್ಕ ಒಂದು ಕ್ಲಿನಿಕ್‌ನಲ್ಲಿ ಇಸಿಜಿ ತೆಗೆದರು. "ಹಾರ್ಟ್ ಚೆನ್ನಾಗಿದೆ, ಬಾಡೂಟದ ಗ್ಯಾಸು" ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಅವರನ್ನು ಪೂರ್ತಿ ಬೈಯೋಕೂ ಮನಸ್ಸಿಲ್ಲ. ಎದೆನೋವು ಅಂತ ಬಂದವರಲ್ಲಿ ಇದು ಸಿಗೋದು ತೀರಾ ಅಪರೂಪವಂತೆ. ಹೆಚ್ಚಿನವರು ಹಾರ್ಟ್ ಅಟ್ಯಾಕ್, ಅಲ್ಸರ್, ಪ್ಯಾಂಕ್ರಿಯಾಸ್ ಅಂತಲೇ ಮೊದಲು ಯೋಚಿಸುತ್ತಾರಂತೆ. ಆದರೆ ಮನುಷ್ಯ ಬೆವರಿ, ಉಸಿರು ಮೇಲೆ ಮೇಲೆ ಬಿಡುತ್ತಾ, ಮಲಗೋಕೂ ಆಗದೆ ಒದ್ದಾಡುತ್ತಿದ್ದಾಗ ಮನೆಗೆ ಹೋಗಿ ಅಂದಿದ್ದು ಇವತ್ತಿಗೂ ನನಗೆ ಅರಗಿಲ್ಲ.

ಎಂಟು ಗಂಟೆಗೆ ಹಾಸನಕ್ಕೆ ಬಂದೆವು. ಈ ನಾಲ್ಕು ಸ್ಟಾರ್ ಇರುವುದು ಮುಂದಿನ ಹತ್ತು ನಿಮಿಷಕ್ಕೆ.

ಡ್ಯೂಟಿಯಲ್ಲಿದ್ದಿದ್ದು ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ. ನಾನು ಇಸಿಜಿ ಪಟ್ಟಿ ಚಾಚಿದೆ. ಅದನ್ನು ನೋಡಿ ಪಕ್ಕಕ್ಕಿಟ್ಟು ಭಾವನ ಹತ್ತಿರ ಬಗ್ಗಿ ಕೇಳಿದರು: "ಯಜಮಾನ್ರೇ, ಮೊದಲು ಬಂದಿದ್ದು ವಾಂತಿನೋ ನೋವೋ?" ಭಾವ "ವಾಂತಿ, ಆಮೇಲೆ ನೋವು" ಅಂದರು. ಆಕೆಯ ಮುಖ ಬದಲಾಯಿತು. ಶರ್ಟಿನ ಗುಂಡಿ ಬಿಚ್ಚಿ, ಕತ್ತಿನ ಬುಡದಲ್ಲಿ, ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು. ನನ್ನನ್ನೂ ಕರೆದು "ಮುಟ್ಟಿ ನೋಡಿ" ಅಂದರು. ಚರ್ಮದ ಕೆಳಗೆ ಚರಚರ ಅನ್ನುತ್ತಿತ್ತು. ಮಂಡಕ್ಕಿ ಪೊಟ್ಟಣವನ್ನು ಮೇಲಿಂದ ಅದುಮಿದ ಹಾಗೆ. ಗಾಳಿಯಂತೆ ಅದು. ಅನ್ನನಾಳ ಒಡೆದು, ಅಲ್ಲಿಂದ ಸೋರಿದ ಗಾಳಿ ಎದೆಯೊಳಗಿಂದ ಕತ್ತಿನ ಚರ್ಮದಡಿಗೆ ಹತ್ತಿತ್ತು. ಜೋರು ವಾಂತಿ, ಆಮೇಲೆ ಎದೆನೋವು, ಚರ್ಮದಡಿ ಗಾಳಿ, ಈ ಮೂರೂ ಒಟ್ಟಿಗೆ ಎಲ್ಲರಲ್ಲೂ ಕಾಣಿಸುವುದಿಲ್ಲವಂತೆ. ನಮ್ಮ ಭಾವನಲ್ಲಿ ಮೂರೂ ಇದ್ದವು.

ಬೋರ್ಹಾವೆ ಸಿಂಡ್ರೋಮ್ ಅಂತ ಹೆಸರು. ನನಗೆ ಅರ್ಥವಾಗಿದ್ದು ನನ್ನ ಕಸುಬಿನ ಲೆಕ್ಕದಲ್ಲಿ. ಮೋಟಾರ್ ಓಡುತ್ತಿರುವಾಗ ಮುಂದಿನ ಗೇಟ್ ವಾಲ್ವ್ ಬಂದ್ ಮಾಡಿದರೆ ಪೈಪು ಎಲ್ಲಿ ವೀಕೋ ಅಲ್ಲಿ ಸೀಳುತ್ತೆ, ಅಲ್ವಾ? ಇಲ್ಲೂ ಅಷ್ಟೇ. ಹೊಟ್ಟೆ ಕೆಳಗಿಂದ ನೂಕುತ್ತೆ, ಮೇಲೆ ಗಂಟಲು ತೆರೆಯೋದಿಲ್ಲ. ಸಾಮಾನ್ಯವಾಗಿ ಒಡೆಯೋದು ಅನ್ನನಾಳದ ಕೆಳತುದಿಯ ಎಡಭಾಗದಲ್ಲಿ. ಹಾಗಾಗಿ ತಿಂದಿದ್ದು, ಹೊಟ್ಟೆಯ ಆಸಿಡ್, ಎಂಜಲು ಎಲ್ಲಾ ಎದೆಯೊಳಗೆ ಸುರಿಯುತ್ತೆ. ಅಲ್ಲಿಂದ ನಂಜು ಏರುತ್ತೆ.

ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಸುತ್ತ ನೀರು, ಗಾಳಿ ಎರಡೂ ಕಂಡವು. ಆಮೇಲೆ ಸಿಟಿ ಸ್ಕ್ಯಾನ್. ಅದಕ್ಕೆ ಮೊದಲು ನೀರಿನಲ್ಲಿ ಕರಗುವ ಒಂದು ಬಣ್ಣದ ದ್ರವವನ್ನು ಒಂದೆರಡು ಗುಟುಕು ಕುಡಿಸಿದರು. ಸೋರುತ್ತಿದ್ದರೆ ಎಲ್ಲಿ ಅಂತ ಅದು ತೋರಿಸುತ್ತೆ. ನಾವು ಟ್ಯಾಂಕಿಗೆ ಬಣ್ಣ ಹಾಕಿ ಲೀಕ್ ಹುಡುಕಲ್ವಾ, ಅದೇ ಕೆಲಸ. ಎಕ್ಸ್‌ರೇಗೆ ಮೊದಲು ಕುಡಿಸುವ ಬಿಳಿ ದ್ರವ ಬೇರಿಯಂ ಯಾಕೆ ಕೊಡಲ್ಲ ಅಂತ ಟೆಕ್ನಿಷಿಯನ್‌ನ ಕೇಳಿದೆ. ಅದು ಎದೆಗೆ ಸೋರಿದರೆ ಇನ್ನೊಂದು ರಗಳೆ ಅಂದ.

ಇಲ್ಲಿ ಬಂತು ನೋಡಿ ಕ್ಯಾಶ್ ಕೌಂಟರ್. ಸಿಟಿ ಸ್ಕ್ಯಾನಿಗೆ ಮೊದಲು ಇಪ್ಪತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅಂದರು. ಬಿಪಿಎಲ್ ಕಾರ್ಡಿದೆ, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಬರುತ್ತಲ್ಲಾ ಅಂದೆ. "ಒರಿಜಿನಲ್ ರೇಷನ್ ಕಾರ್ಡ್ ಬೇಕು, ಡೆಸ್ಕ್ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯೋದು." ಬೀಗರೂಟಕ್ಕೆ ಯಾರಾದರೂ ರೇಷನ್ ಕಾರ್ಡ್ ಜೇಬಲ್ಲಿಟ್ಟುಕೊಂಡು ಹೋಗುತ್ತಾರಾ? ಅಕ್ಕ ಕತ್ತಿನ ಸರ ಬಿಚ್ಚೋಕೆ ಕೈ ಹಾಕಿದಳು. ಅಷ್ಟರಲ್ಲಿ ಆ ಡಾಕ್ಟ್ರಮ್ಮನೇ ಕೆಳಗೆ ಬಂದು "ಇವರಿಗೆ ಒಂದೊಂದು ಗಂಟೆಯೂ ಲೆಕ್ಕ, ಮೊದಲು ಸ್ಕ್ಯಾನ್, ನಾನು ಸೈನ್ ಮಾಡ್ತೀನಿ" ಅಂತ ಗದರಿದರು. ಇಪ್ಪತ್ತು ನಿಮಿಷ ಸುಮ್ನೆ ಹೋಯಿತು. ಒಂದು ಸ್ಟಾರ್ ಅದಕ್ಕೇ ಕಟ್.

ಸ್ಕ್ಯಾನಿನಲ್ಲಿ ಸೋರಿಕೆ ಕಂಡಿತು. ಬಾಯಿಗೆ ಹನಿ ನೀರೂ ಹಾಕಬೇಡಿ ಅಂದರು. ಸಲೈನ್, ಆಂಟಿಬಯೋಟಿಕ್, ಆಕ್ಸಿಜನ್ ಶುರುವಾಯಿತು. ಎಡ ಪಕ್ಕೆಯಲ್ಲಿ ಟ್ಯೂಬ್ ಹಾಕಿದರು. ಬಾಟಲಿಗೆ ಬಂದಿದ್ದು ಕಂದು ನೀರು, ಅದರಲ್ಲಿ ಮುದ್ದೆಯ ಚೂರು. ಮಧ್ಯಾಹ್ನ ಪಂಕ್ತಿಯಲ್ಲಿ ಭಾವನ ಪಕ್ಕದಲ್ಲೇ ಕೂತು ಅದೇ ಮುದ್ದೆ ನಾನೂ ನುಂಗಿದ್ದೆ. ಹೊರಗೆ ಬಂದು ಗೋಡೆ ಹಿಡಿದು ನಿಂತೆ.

ಇಲ್ಲಿನ ಸರ್ಜನ್ ಒಂದು ಒಳ್ಳೆಯ ಕೆಲಸ ಮಾಡಿದರು. ಎದೆ ತೆರೆದು ಹೊಲಿಯುವವರು ರಾತ್ರಿ ನಮ್ಮಲ್ಲಿಲ್ಲ, ಬೆಂಗಳೂರಿಗೆ ಹೋಗಿ, 24 ಗಂಟೆಯೊಳಗೆ ಆದರೆ ಬದುಕುವ ದಾರಿ ಜಾಸ್ತಿ ಅಂತ ನೇರವಾಗಿ ಹೇಳಿದರು. ಇಟ್ಟುಕೊಂಡು ಬಿಲ್ ಬೆಳೆಸಲಿಲ್ಲ. ಆಚೆ ಕಡೆಯ ಡಾಕ್ಟರ್‌ಗೆ ತಾವೇ ಫೋನ್ ಮಾಡಿ, ಸ್ಕ್ಯಾನ್ ಫೋಟೋ ಕಳಿಸಿ, ಬೆಡ್ ಖಾತ್ರಿ ಮಾಡಿಕೊಂಡೇ ಆಂಬುಲೆನ್ಸ್ ಹತ್ತಿಸಿದರು. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಪ್ರತಿ ರೋಡ್ ಹಂಪಿಗೂ ಭಾವ ನನ್ನ ಮಣಿಕಟ್ಟು ಹಿಂಡುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ತಲುಪಿದೆವು, ಆರಕ್ಕೆ ಆಪರೇಷನ್.

ಒಳಗೆ ಎದೆ ತೆರೆದಿರುವಾಗ ಹೊರಗೆ ಕಾರಿಡಾರಿನಲ್ಲಿ ಕೂತು ನಾನು ಮೊಬೈಲಿನಲ್ಲಿ ಓದಿದ್ದು ಇದು. 1723ರಲ್ಲಿ ಹಾಲೆಂಡಿನ ಒಬ್ಬ ಅಡ್ಮಿರಲ್ ಭರ್ಜರಿ ಊಟ ಮಾಡಿ, ಆಮೇಲೆ ವಾಂತಿ ಮಾಡಿಕೊಳ್ಳೋಕೆ ಹೋಗಿ, ಹೀಗೇ ಎದೆ ಹರಿದು ಸತ್ತ. ಡಾಕ್ಟರ್ ಬೋರ್ಹಾವೆ ಹೆಣ ಕೊಯ್ದಾಗ ಎದೆಯೊಳಗಿಂದ ಬಾತುಕೋಳಿ ಮಾಂಸದ ವಾಸನೆ ಬಂತಂತೆ. ಅಲ್ಲಿ ಬಾತುಕೋಳಿ, ಇಲ್ಲಿ ಮಟನ್. ಹೊಲಿದು ಒಬ್ಬರನ್ನು ಬದುಕಿಸಿದ ವರದಿ ಬಂದಿದ್ದು 1947ರಲ್ಲಿ. ಅಲ್ಲಿಗೆ ಇನ್ನೂರು ವರ್ಷ ದಾಟಿತ್ತು. ಅದನ್ನು ಓದಿ ಮೊಬೈಲ್ ಆಫ್ ಮಾಡಿದೆ. ಅಕ್ಕನಿಗೆ ಹೇಳಲಿಲ್ಲ.

ಭಾವ 26 ದಿನ ಆಸ್ಪತ್ರೆಯಲ್ಲಿದ್ದರು. ಹೊಟ್ಟೆಯ ಪಕ್ಕದಿಂದ ಕರುಳಿಗೆ ಟ್ಯೂಬ್ ಹಾಕಿ ಅದರಲ್ಲೇ ಊಟ. ಮತ್ತೆ ಬಣ್ಣ ಕುಡಿಸಿ, ಸೋರಿಕೆ ಇಲ್ಲ ಅಂತ ಆದಮೇಲೆ ಒಂದು ಚಮಚ ನೀರು ಕೊಟ್ಟರು. ಅದನ್ನು ಬಾಯಲ್ಲಿ ಎಷ್ಟು ಹೊತ್ತು ಇಟ್ಟುಕೊಂಡಿದ್ದರು ಅಂದರೆ ನರ್ಸು "ನುಂಗಿ ಯಜಮಾನ್ರೇ" ಅಂತ ಬೈದರು.

ಹಾಸನದ ಆಸ್ಪತ್ರೆಯ ಉಳಿದ ವಿಷಯ ಹೇಳುವುದಾದರೆ: ಲಿಫ್ಟ್ ನಿಧಾನ, ಟಾಯ್ಲೆಟ್ ಪರವಾಗಿಲ್ಲ, ಕ್ಯಾಂಟೀನಿನ ಕಾಫಿ ಕಾಫಿ ಬೆಳೆಯುವ ಜಿಲ್ಲೆಗೆ ಅವಮಾನ. ಪಾರ್ಕಿಂಗ್‌ನವನು ರಸೀದಿ ಕೊಡಲ್ಲ.

ಎರಡು ತಿಂಗಳಾದ ಮೇಲೆ ಭಾವ ಹಟ ಮಾಡಿ ತೋಟದ ಹತ್ತು ಎಳನೀರು ಹಿಡಿದು ಡಾಕ್ಟ್ರಮ್ಮನನ್ನು ನೋಡೋಕೆ ಹೊರಟರು. ಆಕೆಗೆ ನೈಟ್ ಡ್ಯೂಟಿ, ಹಗಲು ಇರಲಿಲ್ಲ. ಸೆಕ್ಯೂರಿಟಿ ಹತ್ತಿರ ಒಂಬತ್ತು ಬಿಟ್ಟು ಬಂದೆವು. ಒಂದನ್ನು ಭಾವ ಗೇಟಿನಲ್ಲೇ ಕೆತ್ತಿಸಿಕೊಂಡು, ಗುಟುಕು ಗುಟುಕಾಗಿ, ಅರ್ಧ ಗಂಟೆ ಕುಡಿದರು.