ಬಿಡಿ ರೂಪಾಯಿಯೋ, ಸ್ಲ್ಯಾಬಿನ ರೂಪಾಯಿಯೋ: ಎರಡನ್ನೂ ಕೊಂಡ ಮೇಲೆ

ಐದು ಸಾವಿರ ದಾಟುವ ಬೆಳ್ಳಿ ರೂಪಾಯಿಯಾದರೆ, ಇನ್ನು ಮುಂದೆ ನಾನು ಗ್ರೇಡಿಂಗ್ ಆಗಿ (ಅಂದರೆ ಕಂಪನಿಯೊಂದು ಪರೀಕ್ಷಿಸಿ ಗುಣಮಟ್ಟಕ್ಕೆ ಅಂಕಿ ಕೊಟ್ಟು) ಸ್ಲ್ಯಾಬಿನಲ್ಲಿ, ಅಂದರೆ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಇರುವುದನ್ನೇ ಕೊಳ್ಳುವುದು. ಬಿಡಿಯಾಗಿ ಕೊಂಡು, ಆಮೇಲೆ ನಾನೇ ಗ್ರೇಡಿಂಗಿಗೆ ಕಳಿಸುವ ಸಹವಾಸ ಸಾಕು.

ಈಗ ಮಂಡ್ಯದ ನಮ್ಮ ಮನೆಯ ಮೇಜಿನ ಮೇಲೆ ಎರಡು ನಾಣ್ಯ ಇವೆ. ಎರಡೂ ಆರನೇ ಜಾರ್ಜನ 1938ರ ರೂಪಾಯಿ. ಒಂದನ್ನು ಮೈಸೂರಿನ ನಾಣ್ಯ ಪ್ರದರ್ಶನದಲ್ಲಿ ಬಿಡಿಯಾಗಿ 5,500ಕ್ಕೆ ಕೊಂಡೆ. ಪಳಪಳ ಅಂತಿತ್ತು. ಮಾರಿದವರು, 'ಪಕ್ಕಾ ಯುಎನ್‌ಸಿ ಸಾರ್, ಕಳಿಸಿದ್ರೆ 63 ಗ್ಯಾರಂಟಿ' ಅಂದರು. ಯುಎನ್‌ಸಿ ಅಂದರೆ ಚಲಾವಣೆಗೆ ಹೋಗದ ನಾಣ್ಯ, 63 ಅನ್ನೋದು 70ರವರೆಗೆ ಇರುವ ಗ್ರೇಡಿನ ಅಂಕಿ. ಬೆಂಗಳೂರಿನ ಒಬ್ಬ ವ್ಯಾಪಾರಿಯ ಮೂಲಕ ಕಳಿಸಿದೆ. ಶುಲ್ಕ, ಕೊರಿಯರ್, ಅವರ ಕಮಿಷನ್ ಎಲ್ಲ ಸೇರಿ 3,500. ಐದು ತಿಂಗಳು ಕಾದೆ.

ವಾಪಸ್ ಬಂದ ಸ್ಲ್ಯಾಬಿನ ಚೀಟಿಯ ಮೇಲೆ ಅಂಕಿಯೇ ಇರಲಿಲ್ಲ. 'ಯುಎನ್‌ಸಿ ಡೀಟೇಲ್ಸ್, ಕ್ಲೀನ್ಡ್' ಅಂತ ಇತ್ತು. ಅಂದರೆ ನಾಣ್ಯ ಅಸಲಿ, ಸವೆದಿಲ್ಲ, ಆದರೆ ಯಾರೋ ಉಜ್ಜಿ ತೊಳೆದಿದ್ದಾರೆ. ಹಾಗಾಗಿ ಅಂಕಿ ಕೊಡುವುದಿಲ್ಲ.

ಆ ರಾತ್ರಿ ಟೇಬಲ್ ಲ್ಯಾಂಪ್ ಕೆಳಗೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು ಕೂತೆ. ರಾಜನ ಮೂಗಿನ ಮುಂದೆ ಇರುವ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಬಟ್ಟೆಗೆ ಏನೋ ಪುಡಿ ಹಾಕಿ ತಿಕ್ಕಿದ ಗುರುತು. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆಗ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ತೊಳೆಯದ ನಾಣ್ಯವನ್ನು ದೀಪದ ಕೆಳಗೆ ಓಲಾಡಿಸಿದರೆ, ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತುವುದು ಈ ಗೆರೆಗಳಿಂದಲೇ. ನನ್ನ ನಾಣ್ಯದಲ್ಲಿ ಬೆಳಕು ಸುತ್ತಲಿಲ್ಲ. ಒಂದೇ ಕಡೆ ಕನ್ನಡಿ ಹಾಗೆ ಮಿಂಚಿ ನಿಂತುಬಿಟ್ಟಿತು. ಅಮ್ಮ ಹಬ್ಬಕ್ಕೆ ಬೆಳ್ಳಿ ದೀಪಗಳನ್ನು ವಿಭೂತಿ ಹಾಕಿ ಉಜ್ಜಿದಾಗ ಬರುವ ಹೊಳಪು ಇದೇ. ದೀಪಕ್ಕೆ ಅದು ಚೆಂದ. ನಾಣ್ಯಕ್ಕೆ ಮಾತ್ರ ಒಮ್ಮೆ ಹೋದ ಆ ಗೆರೆಗಳು ಮತ್ತೆ ಬರುವುದಿಲ್ಲ.

ಮಾರೋಣ ಅಂತ ಕೇಳಿದರೆ ಮೂರು ಸಾವಿರದ ಮೇಲೆ ಯಾರೂ ಹೋಗಲಿಲ್ಲ. ಹಾಕಿದ್ದು ಒಂಬತ್ತು ಸಾವಿರ.

ಎರಡನೆಯದು ಸ್ಲ್ಯಾಬಿನಲ್ಲೇ ಕೊಂಡದ್ದು. ಎಂಎಸ್ (ಮಿಂಟ್ ಸ್ಟೇಟ್) 63, ಬೆಲೆ 9,500. ಮೊದಲನೆಯದಕ್ಕೆ ಸುರಿದ ದುಡ್ಡಿಗಿಂತ ಬರೀ ಐನೂರು ಜಾಸ್ತಿ. ಪಕ್ಕದಲ್ಲಿಟ್ಟರೆ ಇದೇ ಸ್ವಲ್ಪ ಮಂಕು, ಅಂಚಿನಲ್ಲಿ ತೆಳ್ಳಗೆ ಕಂದು ಬಣ್ಣ ಕೂಡ ಇದೆ. ಆದರೆ ಓಲಾಡಿಸಿದರೆ ಬೆಳಕು ಸುತ್ತುತ್ತದೆ. ಕೊಳ್ಳುವ ಮೊದಲು ಚೀಟಿಯ ಮೇಲಿನ ನಂಬರನ್ನು ಗ್ರೇಡಿಂಗ್ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಸ್ಲ್ಯಾಬನ್ನೇ ನಕಲಿ ಮಾಡುವವರೂ ಇದ್ದಾರೆ, ಇದನ್ನು ಬಿಡಬೇಡಿ.

ಅಂಕಿಗೂ ಬೆಲೆಗೂ ಇರುವ ನಂಟು ಹಳೆಯದು. 1949ರಲ್ಲಿ ನಾಣ್ಯ ತಜ್ಞ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗೆ 1ರಿಂದ 70ರವರೆಗಿನ ಅಳತೆಗೋಲು ಮಾಡಿದ್ದೇ ಬೆಲೆ ಕಟ್ಟಲು. 70ರ ನಾಣ್ಯಕ್ಕೆ 1ರ ನಾಣ್ಯದ ಎಪ್ಪತ್ತು ಪಟ್ಟು ಬೆಲೆ ಅನ್ನೋದು ಲೆಕ್ಕ. ಆ ಲೆಕ್ಕ ಬೇಗ ತಪ್ಪಿತು, ಅಂಕಿ ಉಳಿಯಿತು. ಅಮೆರಿಕದ ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಕೆಲಸ ಶುರು ಮಾಡಿದ ಮೇಲೆ ಆ ಅಂಕಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂತಿತು. ಈಗ ಎಂಎಸ್ ಅಂದರೆ 60ರಿಂದ ಮೇಲೆ, ಚಲಾವಣೆಗೆ ಹೋಗದ ನಾಣ್ಯ. ಅಲ್ಲಿ ಒಂದೆರಡು ಅಂಕಿ ಮೇಲೆ ಹೋದರೂ ಬೆಲೆ ಜಿಗಿಯುತ್ತದೆ.

ಹಾಗಂತ ಎಲ್ಲಕ್ಕೂ ಸ್ಲ್ಯಾಬ್ ಬೇಡ. ಎಂಟುನೂರು ರೂಪಾಯಿಯ ನಾಣ್ಯಕ್ಕೆ ಮೂರು ಸಾವಿರ ಶುಲ್ಕ ಕೊಟ್ಟರೆ ಆ ದುಡ್ಡು ಯಾವತ್ತೂ ಹುಟ್ಟಲ್ಲ. 1940ರಿಂದ ಬಂದ ಅರ್ಧ ಬೆಳ್ಳಿಯ ರೂಪಾಯಿಗಳಲ್ಲಿ ಬಹುಪಾಲು ಹೀಗೇ.

ಇನ್ನೊಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಅದನ್ನು ಸುಮ್ನೆ ಕವರಿನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುವಂತಿಲ್ಲ. ನಿಮ್ಮಲ್ಲಿ 1911ರ 'ಹಂದಿ ರೂಪಾಯಿ' ಇದ್ದರೆ, ಅದೇ, ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾದದ್ದು, ಯಾರಾದರೂ 'ಗ್ರೇಡಿಂಗಿಗೆ ಅಮೆರಿಕಕ್ಕೆ ಕಳಿಸಿಕೊಡ್ತೀನಿ' ಅಂದರೆ ಒಪ್ಪಬೇಡಿ.

ನನ್ನದು ತಿಂಗಳ ಸಂಬಳದ ಬಜೆಟ್. ವರ್ಷಕ್ಕೆ ಒಂದೋ ಎರಡೋ ಒಳ್ಳೆ ಬೆಳ್ಳಿ ರೂಪಾಯಿ ಕೊಳ್ಳಬಲ್ಲೆ. ಅವು ಸ್ಲ್ಯಾಬಿನಲ್ಲೇ ಇರಲಿ. ಟಿಪ್ಪು ಕಾಲದ ಆನೆ ಪೈಸೆ ಮಾತ್ರ ಬಿಡಿಯಾಗೇ ಕೊಳ್ಳುತ್ತೇನೆ. ನಮ್ಮ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಆ ದಪ್ಪ ತಾಮ್ರವನ್ನು ಅಂಗೈಯಲ್ಲಿಟ್ಟು, ಆನೆಯ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ ನೋಡಬೇಕು ನನಗೆ.