ಮೂರು ಸೊನ್ನೆಯ ಬ್ರಷ್ ಬೇಡ, ಒಂದನೇ ನಂಬರ್ ಸಾಕು

ತುಮಕೂರಿನ ಎಂ.ಜಿ. ರಸ್ತೆಯ ಹಳೆಯ ಸ್ಟೇಷನರಿ ಅಂಗಡಿಯಲ್ಲಿ 60 ರೂಪಾಯಿಗೆ ಕೊಂಡ ಬ್ರಷ್ ಇದು. ಒಂದನೇ ನಂಬರ್, ದುಂಡು ಆಕಾರ, ಸಿಂಥೆಟಿಕ್ ಕೂದಲು. ಐದು ತಿಂಗಳಲ್ಲಿ ಇದರಿಂದ ಹನ್ನೊಂದು ಗೊಂಬೆಗಳಿಗೆ ಬಣ್ಣ ಹಚ್ಚಿದ್ದೇನೆ.

ಗೊಂಬೆಗಳು ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟೇ ಎತ್ತರ, ಸುಮಾರು 25 ಮಿಲಿಮೀಟರ್. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮಾಂತ್ರಿಕ, ಯೋಧರ ಪಾತ್ರ ವಹಿಸಿ ಆಡುವ ಕಾಲ್ಪನಿಕ ಲೋಕದ ಆಟ ಬಂದ ಮೇಲೆ ಅಮೆರಿಕದ ರಾಲ್ ಪಾರ್ಥಾ, ಇಂಗ್ಲೆಂಡಿನ ಸಿಟಡೆಲ್‌ನಂಥ ಕಂಪನಿಗಳು ಮಾಂತ್ರಿಕರನ್ನೂ ಗಡ್ಡದ ಕುಳ್ಳ ಯೋಧರನ್ನೂ ಸೀಸ-ತವರದ ಮಿಶ್ರಲೋಹದಲ್ಲಿ ಎರಕ ಹೊಯ್ದವು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ನನ್ನ ಭಾವಮೈದುನ ಹಳೆಯ ಸಾಮಾನಿನ ಸಂತೆಯಿಂದ ಅಂಥದ್ದೊಂದು ಪೊಟ್ಟಣ ತಂದುಕೊಟ್ಟ. ಸೀಸ ಇರುವುದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಅರ ಹಾಕಿ ಪುಡಿ ಎಬ್ಬಿಸಬಾರದು.

ಹಲ್ಲಿನ ಲ್ಯಾಬಿನಲ್ಲಿ ಕ್ಯಾಪ್ ಮಾಡುವುದು ನನ್ನ ಕೆಲಸ. ಸೆರಾಮಿಕ್ ಪುಡಿಯನ್ನು ಬ್ರಷ್ಷಿನಿಂದಲೇ ಪದರ ಪದರವಾಗಿ ಕೂರಿಸುವ ನನಗೂ ಮೊದಲು ತಪ್ಪು ತಿಳಿವಳಿಕೆಯಿತ್ತು. ಸಣ್ಣ ಗೊಂಬೆಗೆ ಸಣ್ಣ ಬ್ರಷ್ ಎಂದುಕೊಂಡು ಆನ್‌ಲೈನಿನಲ್ಲಿ ಮೂರು ಸೊನ್ನೆಯ (000, ಒಂದನೇ ನಂಬರಿಗಿಂತ ತೀರಾ ಸಣ್ಣ ಅಳತೆ) ಸೆಟ್ ತರಿಸಿದೆ. ಏಪ್ರಿಲ್ ಬಿಸಿಲಿನಲ್ಲಿ ಅದರ ನಾಲ್ಕೆಳೆ ಕೂದಲಿನಲ್ಲಿದ್ದ ಅಕ್ರಿಲಿಕ್ ಬಣ್ಣ ಗೊಂಬೆಯ ಮುಖ ಮುಟ್ಟುವ ಮೊದಲೇ ಒಣಗುತ್ತಿತ್ತು. ಒಂದನೇ ನಂಬರಿಗೆ ಹೊಟ್ಟೆಯಿದೆ. ಅಲ್ಲಿ ಬಣ್ಣ ಹಸಿಯಾಗಿ ನಿಲ್ಲುತ್ತದೆ, ತುದಿ ಮಾತ್ರ ಸೂಜಿಯ ಹಾಗೆ ಕೂಡುತ್ತದೆ.

ಕುಳ್ಳ ಯೋಧನ ಕಣ್ಣು ಬರೆದ ರಾತ್ರಿ ಇದರ ಬೆಲೆ ತಿಳಿಯಿತು. ಕಣ್ಣಿನ ಗುಳಿಗೆ ಕಡುಗಂದು, ಅದರ ಮೇಲೆ ಅಡ್ಡಲಾಗಿ ಒಂದು ಬಿಳಿ ಗೆರೆ, ನಡುವೆ ಒಂದು ಕಪ್ಪು ಚುಕ್ಕೆ. ಗೆರೆ ದಪ್ಪವಾದರೆ ಮೈಬಣ್ಣದಿಂದ ಮೇಲೆ ಕೆಳಗೆ ಒತ್ತಿ ಕಿರಿದುಗೊಳಿಸಬಹುದು. ಗೊಂಬೆಯನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಿಕೊಂಡು, ಎರಡೂ ಅಂಗೈಗಳ ಬುಡ ಒಂದಕ್ಕೊಂದು ತಾಗುವಂತೆ ಹಿಡಿದರೆ ಕೈ ನಡುಗುವುದಿಲ್ಲ. ಎರಡನೆಯ ಚುಕ್ಕೆ ಕೂತಾಗ ಆ ಸೀಸದ ತುಂಡು ನನ್ನನ್ನೇ ನೋಡತೊಡಗಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಅಂಗಡಿಯ ಬಗ್ಗೆ ಹೇಳಲೇಬೇಕು. ಯಜಮಾನರು ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟು, "ಅದ್ದಿ ನೋಡಿ ಸಾರ್, ತುದಿ ಕೂಡದಿದ್ದರೆ ತೆಗೆದುಕೊಳ್ಳಬೇಡಿ" ಎಂದರು. ಪ್ಯಾಕೆಟ್ಟಿನಲ್ಲಿ ಬರುವ ಬ್ರಷ್ಷಿಗೆ ಈ ಪರೀಕ್ಷೆ ಎಲ್ಲಿಂದ ಬರಬೇಕು! ಪಾರ್ಕಿಂಗ್ ಮಾತ್ರ ಕಷ್ಟ, ನಡೆದೇ ಹೋಗಿ.

ಕೊರತೆಯೂ ಇದೆ. ನಾಲ್ಕನೆಯ ತಿಂಗಳಿಗೆ ತುದಿ ಕೊಕ್ಕೆಯಂತೆ ಬಾಗಿತು. ಸಿಂಥೆಟಿಕ್ ಕೂದಲಿನ ಗುಣವೇ ಅದು. ಬಿಸಿನೀರಿನಲ್ಲಿ ಅದ್ದಿದರೆ ನೆಟ್ಟಗಾಗುತ್ತದೆ, ವಾರದಲ್ಲಿ ಮತ್ತೆ ಬಾಗುತ್ತದೆ. ತಗಡಿನ ಕೊರಳಿನವರೆಗೆ ಬಣ್ಣ ಏರಲು ಬಿಟ್ಟರೆ ಅಷ್ಟು ದಿನವೂ ಬಾಳುವುದಿಲ್ಲ.

ಹಳೆಯದನ್ನು ಈಗ ಕತ್ತಿ, ಕವಚಗಳಿಗೆ ಬೆಳ್ಳಿಬಣ್ಣ ಹಚ್ಚಲು ಇಟ್ಟುಕೊಂಡಿದ್ದೇನೆ. ಹೋದ ಶನಿವಾರ ಇನ್ನೆರಡು ತಂದೆ. ಮೂರನೆಯದರ ತುದಿ ಲೋಟದ ನೀರಿನಲ್ಲಿ ಎರಡಾಗಿ ಸೀಳಿತು. ಯಜಮಾನರೇ ಅದನ್ನು ಪಕ್ಕಕ್ಕೆ ತೆಗೆದಿಟ್ಟರು.