ತುದಿಯ ಉಂಗುರದ ಜೊತೆ ಮೂರು ಚಳಿಗಾಲದ ಜಗಳ: ಒಂದು ಹಗುರ ಐಸ್ ಫಿಶಿಂಗ್ ರಾಡ್‌ನ ಕತೆ

ಈ ರಾಡ್ ಬಗ್ಗೆ ಮೊದಲ ಚಳಿಗಾಲದಲ್ಲೇ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಎರಡನೆಯದರಲ್ಲಿ ಬರೆದಿದ್ದರೆ ಬರೀ ಬೈಗುಳ. ಮೂರನೆಯದೂ ಕಳೆದ ಮೇಲೆ ಈಗ ಕೂತಿದ್ದೇನೆ, ಸಿಟ್ಟು ಸ್ವಲ್ಪ ಇಳಿದಿದೆ.

ಹೆಪ್ಪುಗಟ್ಟಿದ ಕೆರೆಯ ಐಸ್‌ನಲ್ಲಿ ತೂತು ಕೊರೆದು ಮೀನು ಹಿಡಿಯಲು ಬಳಸುವ 28 ಇಂಚಿನ ಅಲ್ಟ್ರಾಲೈಟ್ ಗ್ರಾಫೈಟ್ ರಾಡ್. ಉಳಿದ ವಿವರ ಪ್ಯಾಕೆಟ್ ಮೇಲೇ ಇರುತ್ತದೆ, ಬಿಡಿ. ನಾನು ಹೇಗೆ ಮೀನು ಹಿಡಿಯುತ್ತೇನೆ ಅನ್ನುವುದನ್ನು ಮೊದಲು ಹೇಳಬೇಕು, ಯಾಕಂದ್ರೆ ಜಗಳದ ಬೇರು ಅಲ್ಲಿದೆ. ನನ್ನ ಹತ್ತಿರ ಟೆಂಟ್ ಇಲ್ಲ, ಹೀಟರ್ ಇಲ್ಲ, ನೀರೊಳಗಿನ ಮೀನು ತೋರಿಸುವ ಸೋನಾರ್ ಇಲ್ಲ. ಐಸ್ ಕೊರೆಯಲು ಕೈಯಲ್ಲಿ ತಿರುಗಿಸುವ ಆಗರ್, ಕೂರಲು ಒಂದು ಬಕೆಟ್, ತೂತಿನಲ್ಲಿ ಕಟ್ಟುವ ಐಸ್ ತೆಗೆಯಲು ಒಂದು ಜಾಲರಿ ಸೌಟು, ಅಷ್ಟೇ. ಬಯಲಲ್ಲಿ ಗಾಳಿಗೆ ಬೆನ್ನು ಹಾಕಿ ಕೂರುತ್ತೇನೆ. ಹಿಡಿಯುವುದು ಅಂಗೈ ಅಗಲದ ಪರ್ಚ್, ಬ್ಲೂಗಿಲ್, ಅದೃಷ್ಟ ಇದ್ದ ದಿನ ಕ್ರ್ಯಾಪಿ. ಮೂರ್ನಾಲ್ಕು ಮೀಟರ್ ಆಳ, 2 ಪೌಂಡ್ ಭಾರ ತಡೆಯುವ ನೈಲಾನ್ ಲೈನ್, ಅದರ ತುದಿಗೆ ಒಂದು ಗ್ರಾಂ ಕೂಡ ತೂಗದ ಟಂಗ್‌ಸ್ಟನ್ ಜಿಗ್, ಅಂದ್ರೆ ಲೋಹದ ಗುಂಡು ಕೂರಿಸಿದ ಪುಟ್ಟ ಗಾಳ.

ಇಷ್ಟು ಚಿಕ್ಕ ಜಿಗ್ ಯಾಕೆ ಅಂದ್ರೆ ಮೀನಿಗೂ ಚಳಿ. ಅದರ ಮೈಯ ಬಿಸಿ ಸುತ್ತಲಿನ ನೀರಿನಷ್ಟೇ ಇರುತ್ತದೆ, ಹಾಗಾಗಿ ಚಳಿಗಾಲದಲ್ಲಿ ಹಸಿವೂ ಕಡಿಮೆ, ಓಡಾಟವೂ ಕಡಿಮೆ. ಬೇಸಿಗೆಯ ಹಾಗೆ ಬಂದು ಕಿತ್ತುಕೊಂಡು ಹೋಗುವುದಿಲ್ಲ. ಜಿಗ್ ಮುಂದೆ ನಿಂತು, ನೋಡಿ, ನೀರಿನ ಜೊತೆ ಸುಮ್ನೆ ಒಳಗೆ ಎಳೆದುಕೊಳ್ಳುತ್ತದೆ. ಇಷ್ಟ ಆಗದಿದ್ದರೆ ಅಷ್ಟೇ ಸುಮ್ನೆ ಉಗುಳಿಬಿಡುತ್ತದೆ. ಆ ಎರಡರ ನಡುವೆ ನಮಗೆ ಗೊತ್ತಾಗಬೇಕು. ರಾಡ್ ಹಗುರವಾಗಿರಬೇಕು, ಸೂಕ್ಷ್ಮವಾಗಿರಬೇಕು ಅನ್ನುವುದು ಇದಕ್ಕೇ.

ಮೊದಲ ದಿನ ಖುಷಿಯೋ ಖುಷಿ. ಟಂಗ್‌ಸ್ಟನ್ ಅದೇ ಗಾತ್ರದ ಸೀಸಕ್ಕಿಂತ ಸುಮಾರು ಒಂದೂವರೆ ಪಟ್ಟು ಭಾರ, ಬೇಗ ಇಳಿಯುತ್ತದೆ, ಲೈನ್ ಬಿಗಿಯಾಗಿ ಇಡುತ್ತದೆ. ಜಿಗ್ ತಳದ ಕೆಸರಿಗೆ ತಾಗಿದ್ದು, ಕಲ್ಲಿಗೆ ತಾಗಿದ್ದು ಬೇರೆ ಬೇರೆಯಾಗಿ ಬೆರಳಿಗೆ ಬಂತು. ಹಳೆಯ ದಪ್ಪ ಫೈಬರ್ ಗ್ಲಾಸ್ ರಾಡ್‌ನಲ್ಲಿ ಇದು ಕನಸು. ಆದರೆ ಅವತ್ತು ಬಿಸಿಲಿತ್ತು, ಹೊರಗೆ ಹೆಚ್ಚುಕಡಿಮೆ ಸೊನ್ನೆ ಡಿಗ್ರಿ. ನಾನು ಗ್ಲೌಸ್ ಹಾಕಿರಲಿಲ್ಲ. ಈ ಎರಡು ವಿಷಯ ಆಗ ತಲೆಗೆ ಹೊಳೆಯಲಿಲ್ಲ.

ಮೈನಸ್ ಹತ್ತು ಬಂದಾಗ ನಿಜಸ್ಥಿತಿ ಗೊತ್ತಾಯ್ತು. ಈ ರಾಡ್‌ನ ತುದಿಯಲ್ಲಿ ಲೈನ್ ಹಾದುಹೋಗುವ ಉಂಗುರದ ತೂತು ದಬ್ಬಳದ ಕಣ್ಣಿನಷ್ಟು. ತೂಕ ಉಳಿಸಲು ಹಾಗೆ ಮಾಡಿದ್ದಾರೆ. ಲೈನ್ ಸುತ್ತಿದಾಗಲೆಲ್ಲ ಅದರ ಮೈಗಂಟಿದ ನೀರು ಆ ಉಂಗುರದಲ್ಲಿ ನಿಂತು ಐಸ್ ಆಗುತ್ತದೆ. ಎರಡು ಸಲ ಸುತ್ತಿದರೆ ಸಾಸಿವೆಯಷ್ಟು, ಐದು ಸಲಕ್ಕೆ ಮೆಣಸಿನ ಕಾಳಿನಷ್ಟು. ಆ ಕಾಳಿನ ಭಾರಕ್ಕೇ ತುದಿ ಬಗ್ಗಿ ಕೂರುತ್ತದೆ. ಮೇಲೆ ದಪ್ಪ ಗ್ಲೌಸ್ ಬೇರೆ. ಇನ್ನು ಮೀನಿನ ಉಸಿರು ಎಲ್ಲಿ ಗೊತ್ತಾಗಬೇಕು, ಹೇಳಿ.

ಹಾಗಾಗಿ ಒಂದು ಪೂಜಾವಿಧಾನವೇ ಶುರುವಾಯ್ತು. ಸೌಟಿನಿಂದ ತೂತಿನ ಐಸ್ ಎತ್ತುವುದು. ರಾಡ್‌ನ ತುದಿಯನ್ನು ಒಂದು ಗೇಣು ನೀರಿಗಿಳಿಸಿ ಹತ್ತು ಎಣಿಸುವುದು. ಕೆರೆಯಲ್ಲಿ 4 ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಅದು ತಳದಲ್ಲೇ ಇರುತ್ತದೆ. ನಮ್ಮ ಕೈಗೆ ಸಿಗುವ ಮೇಲಿನ ನೀರು ಸೊನ್ನೆಗೆ ಅಂಟಿಕೊಂಡೇ ಇರುತ್ತದೆ. ಆದರೂ ಮೈನಸ್ ಹತ್ತರ ಗಾಳಿಗಿಂತ ವಾಸಿ, ಐಸ್ ನಿಧಾನಕ್ಕೆ ಸಡಿಲವಾಗುತ್ತದೆ. ಆಮೇಲೆ ಎತ್ತಿ, ಗ್ಲೌಸ್ ಬಿಚ್ಚಿ, ಬರಿಯ ಹೆಬ್ಬೆರಳು ತೋರುಬೆರಳಿನ ನಡುವೆ ಉಂಗುರ ಹಿಡಿದು ಮೆಲ್ಲಗೆ ಉಜ್ಜುವುದು. ಒಮ್ಮೆ ಬಾಯಿಂದ ಊದುವುದು. ತುಟಿಗೆ ಹಚ್ಚುವ ಲಿಪ್ ಬಾಮ್ ಚೂರು ಸವರುವುದು, ಅರ್ಧ ಗಂಟೆ ಪರವಾಗಿಲ್ಲ. ನಿಜ ಹೇಳಬೇಕಂದ್ರೆ, ಮೀನು ಸಿಗದ ದಿನಗಳಲ್ಲಿ ಇದೇ ನನ್ನ ಕೆಲಸವಾಗಿತ್ತು, ಅದರಲ್ಲೂ ಒಂಥರಾ ಸಮಾಧಾನ ಇತ್ತು.

ಸಮಾಧಾನ ಹೋದದ್ದು ಎರಡನೇ ಚಳಿಗಾಲದ ಒಂದು ಸಂಜೆ. ಕತ್ತಲಾಗುತ್ತಿತ್ತು, ಪೂಜೆ ಮಾಡಲು ಸೋಮಾರಿತನ. ಆಗಲೇ ಭಾರೀ ಮೀನೊಂದು ಬಾಯಿ ಹಾಕಿತು. ಏನು ಮೀನು ಅಂತ ಇವತ್ತಿಗೂ ಗೊತ್ತಿಲ್ಲ. ಅದು ಓಡಿದಾಗ ಡ್ರ್ಯಾಗ್, ಅಂದ್ರೆ ಲೈನ್ ಸುತ್ತುವ ರೀಲ್‌ನ ಬ್ರೇಕ್, ಜಾರಿ ಲೈನ್ ಬಿಟ್ಟುಕೊಡಬೇಕಿತ್ತು. ಡ್ರ್ಯಾಗ್ ಸರಿಯಾಗೇ ಇತ್ತು. ಆದರೆ ಲೈನ್ ತುದಿಯ ಉಂಗುರದಲ್ಲಿ ಐಸ್‌ನೊಳಗೆ ಹೂತುಹೋಗಿತ್ತು. ಒಂದಿಂಚೂ ಜಾರಲಿಲ್ಲ. ಟಪ್ ಅಂತ ಲೈನ್ ಕಡಿಯಿತು. ಕಡ್ಡಿಯ ಹಾಗೆ ನೆಟ್ಟಗೆ ನಿಂತ ರಾಡ್ ಹಿಡಿದುಕೊಂಡು ನಾನು ತೂತನ್ನೇ ನೋಡುತ್ತಾ ಕೂತೆ. ಸೂಕ್ಷ್ಮ ರಾಡ್ ಅಂತೆ! ಅವತ್ತು ಮನೆಗೆ ಬಂದು ಅದನ್ನು ಮೂಲೆಗೆ ಒಗೆದೆ.

ಹೊಸದು ಕೊಳ್ಳಲು ಮನಸ್ಸಿರಲಿಲ್ಲ, ಕೈಯಲ್ಲಿ ದುಡ್ಡೂ ಇರಲಿಲ್ಲ. ಹಾಗಾಗಿ ರಷ್ಯನ್ನರು ಕಿವೋಕ್ ಅನ್ನುವ ಪಟ್ಟಿ ಮಾಡಿ ನೋಡೋಣ ಅನಿಸಿತು. ಕಿವೋಕ್ ಅಂದ್ರೆ ತಲೆಯಾಡಿಸುವುದು. ರಾಡ್‌ನ ತುದಿಯಿಂದ ಮುಂದಕ್ಕೆ ಚಾಚಿದ ಒಂದು ತೆಳು ಪಟ್ಟಿ, ಲೈನ್ ಅದರ ಮೂತಿಯ ತೂತಿನಲ್ಲಿ ಹಾದು ಕೆಳಗಿಳಿಯುತ್ತದೆ. ಜಿಗ್‌ನ ಭಾರಕ್ಕೆ ಬಾಗಿ ನಿಂತಿರುತ್ತದೆ. ಮೀನು ಮುಟ್ಟಿದರೆ ತಲೆಯಾಡಿಸುತ್ತದೆ. ಅಂಗಡಿಯಲ್ಲಿ ಸ್ಪ್ರಿಂಗಿನದೂ ಸಿಗುತ್ತದೆ, ಆದರೆ ಅನೇಕರು ಪ್ಲಾಸ್ಟಿಕ್ ಬಾಟಲಿ ಅಥವಾ ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ತಾವೇ ಮಾಡಿಕೊಳ್ಳುತ್ತಾರೆ. ನನ್ನ ಹತ್ತಿರ ಎಕ್ಸ್‌ರೇ ಇತ್ತು. ಮೊದಲ ಚಳಿಗಾಲದಲ್ಲಿ ಐಸ್ ಮೇಲೆ ಜಾರಿ ಬಿದ್ದಾಗ ತೆಗೆಸಿದ್ದು, ಬಲಗೈಯದು. ಹತ್ತು ಸೆಂಟಿಮೀಟರ್ ಉದ್ದ, ಬುಡದಲ್ಲಿ ಅಗಲ, ತುದಿಗೆ ಚೂಪು ಮಾಡಿ ಕತ್ತರಿಸಿದೆ. ಜಿಗ್ ಕಟ್ಟಿದಾಗ ಪಟ್ಟಿ 45 ಡಿಗ್ರಿ ಆಸುಪಾಸು ಬಾಗಬೇಕು. ಪೂರ್ತಿ ನೇತಾಡಿದರೆ ತೀರಾ ಮೆದು, ಬಾಗದೇ ಇದ್ದರೆ ತೀರಾ ಗಟ್ಟಿ. ಮೂರು ಸಲ ಕೆಟ್ಟು ನಾಲ್ಕನೆಯದು ಸರಿಹೋಯಿತು.

ಉಂಗುರದಲ್ಲಿ ಐಸ್ ಈಗಲೂ ಕಟ್ಟುತ್ತದೆ. ಆದರೆ ಪಟ್ಟಿ ಉಂಗುರಕ್ಕಿಂತ ಮುಂದಿದೆ, ಅಲ್ವಾ? ಹಿಂದೆ ಏನೇ ಹೆಪ್ಪುಗಟ್ಟಿದರೂ ಅದು ತನ್ನ ಪಾಡಿಗೆ ಆಡುತ್ತಿರುತ್ತದೆ. ಅದರ ಮೂತಿಯ ಐಸನ್ನು ಗ್ಲೌಸ್‌ನಲ್ಲೇ ಚಿವುಟಿದರೆ ಸಾಕು, ಮುರಿಯುವ ಭಯ ಇಲ್ಲ. ಎಲ್ಲಕ್ಕಿಂತ ದೊಡ್ಡ ಖುಷಿ ಕ್ರ್ಯಾಪಿಯದು. ಈ ಮೀನು ಎಷ್ಟೋ ಸಲ ಕೆಳಗಿನಿಂದ ಬಂದು ಜಿಗ್ ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಏರುತ್ತದೆ. ಆಗ ಎಳೆತವೇ ಇರುವುದಿಲ್ಲ, ಲೈನ್ ಸಡಿಲವಾಗುತ್ತದೆ ಅಷ್ಟೇ. ಕೈಗೆ ಏನೂ ತಿಳಿಯುವುದಿಲ್ಲ. ಪಟ್ಟಿ ಮಾತ್ರ ಬಾಗಿದ್ದ ತಲೆಯನ್ನು ಮೆಲ್ಲಗೆ ಎತ್ತುತ್ತದೆ. ಮೊದಲ ಸಲ ನೋಡಿದಾಗ ಗಾಳಿಗೆ ಅಂದುಕೊಂಡೆ. ಗಾಳಿ ಇರಲಿಲ್ಲ. ಎರಡು ವರ್ಷ ಇಂಥ ಎಷ್ಟು ಮೀನು ಬಂದು ಹೋದವೋ ಅಂತ ಲೆಕ್ಕ ಹಾಕಿ ಹೊಟ್ಟೆ ಉರಿಯಿತು.

ಹಾಗಾದರೆ ಕೊಳ್ಳಬಹುದಾ? ಟೆಂಟ್‌ನಲ್ಲಿ ಹೀಟರ್ ಹಚ್ಚಿ, ಬರಿಗೈಯಲ್ಲಿ ಕೂರುವವರಾದರೆ ಕಣ್ಣು ಮುಚ್ಚಿ ಕೊಳ್ಳಿ, ನನ್ನ ಗೋಳು ನಿಮಗಿಲ್ಲ. ನನ್ನಂತೆ ಬಯಲಲ್ಲಿ ಕೂರುವವರು ಅಂಗಡಿಯಲ್ಲಿ ತೂಕ ಕೇಳುವ ಮೊದಲು ತುದಿಯ ಉಂಗುರ ನೋಡಿ. ಚಿಕ್ಕ ಜಿಗ್ ಒಂದನ್ನು ಜೇಬಲ್ಲಿ ಒಯ್ದು ತುದಿಗೆ ನೇತುಹಾಕಿ. ತುದಿ ಸ್ವಲ್ಪವೂ ಬಾಗದಿದ್ದರೆ ಆ ರಾಡ್ ಎಷ್ಟೇ ಹಗುರ ಇದ್ದರೂ ನಿಮ್ಮ ಜಿಗ್‌ಗೆ ಅದು ಹೊಂದುವುದಿಲ್ಲ. ಒರಟಾಗಿ ಬಳಸುವವರಿಗೆ ಒಳಗೆ ಟೊಳ್ಳಿಲ್ಲದ ಫೈಬರ್ ಗ್ಲಾಸ್ ರಾಡ್ ವಾಸಿ, ಚಳಿಯಲ್ಲಿ ಏಟು ತಡೆಯುತ್ತದೆ. ಗ್ರಾಫೈಟ್ ತಡೆಯುವುದಿಲ್ಲ. ಹಿಡಿ ಕಾರ್ಕ್‌ನದು, ಕೈಗೆ ತಣ್ಣಗೆ ಹತ್ತುವುದಿಲ್ಲ, ಅದಕ್ಕೆ ಪೂರ್ತಿ ಅಂಕ. ಜೊತೆಗೆ ಬಂದ ಚಿಕ್ಕ ಸ್ಪಿನ್ನಿಂಗ್ ರೀಲ್ ಲೈನನ್ನು ತಿರುಚಿಬಿಡುತ್ತದೆ, ಜಿಗ್ ಬುಗುರಿಯಂತೆ ತಿರುಗುತ್ತದೆ. ತಿರುಗುವ ಜಿಗ್ ಕಂಡರೆ ಬ್ಲೂಗಿಲ್ ಮುಖ ತಿರುಗಿಸುತ್ತದೆ. ನೇರವಾಗಿ ಸುತ್ತುವ ಇನ್‌ಲೈನ್ ರೀಲ್ ಹಾಕಿಕೊಂಡೆ, ಆ ತಲೆನೋವು ಮುಗಿಯಿತು.

ಗ್ರಾಫೈಟ್ ತಡೆಯುವುದಿಲ್ಲ ಅಂದೆನಲ್ಲ, ಅದು ಸ್ವಂತ ಅನುಭವ. ಈ ಚಳಿಗಾಲದ ಕೊನೆಗೆ, ಐಸ್ ಉದುರಿಸಲು ರಾಡ್ ತುದಿಯನ್ನು ಬಕೆಟ್ ಅಂಚಿಗೆ ತಟ್ಟಿದೆ. ಹಾಗೆ ಮಾಡಬಾರದು ಅಂತ ಗೊತ್ತಿದ್ದೂ ತಟ್ಟಿದೆ. ಮೂರು ಸೆಂಟಿಮೀಟರ್ ತುದಿ ಉಂಗುರದ ಸಮೇತ ಮುರಿದು ಬಿತ್ತು. ಮುರಿದಲ್ಲಿ ಉಜ್ಜಿ, ಎರಡು ಪಟ್ಟು ದೊಡ್ಡ ತೂತಿನ ಉಂಗುರ ಅಂಟಿಸಿದ್ದೇನೆ. ರಾಡ್ ಈಗ ಸ್ವಲ್ಪ ಬಿರುಸು, ಆದರೆ ನೋಡುವ ಕೆಲಸ ಪಟ್ಟಿಯದು, ಹಾಗಾಗಿ ತೊಂದರೆ ಇಲ್ಲ. ಮುಂದಿನ ಚಳಿಗಾಲಕ್ಕೆ ಹೊಸ ಪಟ್ಟಿಗಳನ್ನು ಕತ್ತರಿಸಬೇಕು. ಎಕ್ಸ್‌ರೇಯಲ್ಲಿ ಮಣಿಕಟ್ಟು ಖಾಲಿಯಾಗಿದೆ, ಬೆರಳುಗಳು ಇನ್ನೂ ಬಾಕಿ ಇವೆ.